ದೇವದುರ್ಗದಿಂದ ತುಂಬಿಯೇ ಬಂದ ಕೊಡ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಬೇರೇನನ್ನೋ ಬರೆದು ಎದ್ದಿದ್ದೇನೆ. ಮೊದಲು ಮಕ್ಕಳು ಚಿಕ್ಕವರು ಎಂಬ ನೆಪವಿತ್ತು. ಆಮೇಲೆ ಓಣಿಯ ಹಿರಿಯರು ಇನ್ನೂ ಇದ್ದಾರೆ, ಅವರ ಎದುರು ಮುಖ ತೋರಿಸುವುದು ಹೇಗೆ ಎಂಬ ನೆಪ. ಈಗ ಅವರು ಯಾರೂ ಇಲ್ಲ. ಇನ್ನೂ ಮುಂದೂಡಿದರೆ ಹೇಳದೆಯೇ ಹೋಗುತ್ತೇನೆ ಎಂಬ ಭಯಕ್ಕೆ ಹೇಳುತ್ತಿದ್ದೇನೆ.

ರಾಯಚೂರಿನ ಹತ್ತಿ ಮಿಲ್ಲುಗಳ ಹಿಂದೆ ನಮ್ಮ ಓಣಿ. ಬೇರೆಯವರ ಬಾವಿಗಳಲ್ಲಿ ನಮಗೆ ಕೊಡ ಇಳಿಸಲು ಬಿಡುತ್ತಿರಲಿಲ್ಲ. ಹಾಗಾಗಿ ನಮ್ಮವರೇ ಬಂಡೆ ಒಡೆದು ಒಂದು ಬಾವಿ ತೋಡಿದರು. ಕಲ್ಲಬಾವಿ ಎಂದೇ ಅದರ ಹೆಸರಾಯಿತು. ತೋಡುವಾಗ ಮದ್ದಿಗೆ ಸಿಡಿದ ಕಲ್ಲು ಬಡಿದು ನನ್ನ ಅಣ್ಣ ಸತ್ತ. ನೀರು ಬಿದ್ದದ್ದು ಅವನನ್ನು ಮಣ್ಣು ಮಾಡಿದ ಮೇಲೆ. ಅವನ ಹೆಂಡತಿ, ನನ್ನ ಅತ್ತಿಗೆ, ತವರಿಗೆ ಹೋಗದೆ ನಮ್ಮ ಮನೆಯಲ್ಲೇ ಉಳಿದಳು. ಮಿಲ್ಲಿನಲ್ಲಿ ಹತ್ತಿ ಆಯ್ದು, ಹೈಸ್ಕೂಲು ಮುಗಿಯುವವರೆಗೆ ನನ್ನನ್ನು ಓದಿಸಿದಳು. ತಾಯಿ ಇಲ್ಲದ ನಾನು ಆಕೆಯನ್ನು ಯವ್ವಾ ಎಂದೇ ಕರೆಯುತ್ತಿದ್ದೆ.

ಓಣಿಯ ಹುಡುಗರು ಫುಟ್‌ಬಾಲ್ ಟೀಮು ಕಟ್ಟಿದಾಗ ಅದಕ್ಕೆ ಬಾವಿಯ ಹೆಸರನ್ನೇ ಇಟ್ಟರು. ಹಗಲೆಲ್ಲ ಮಿಲ್ಲಿನಲ್ಲಿ ಹತ್ತಿ ಹೊತ್ತು, ಸಂಜೆ ಅದೇ ಮಿಲ್ಲಿನ ಬಯಲಲ್ಲಿ ಬರಿಗಾಲಲ್ಲಿ ಆಡುತ್ತಿದ್ದರು. ಮಿಲ್ಲಿನ ಸಾವಕಾರರು ಆಟ ನೋಡಿ ಖುಷಿಪಟ್ಟು ಬೂಟು, ಚೆಂಡು ಕೊಡಿಸಿದರು, ಪರವೂರಿಗೆ ಹೋಗಲು ಲಾರಿ ಕೊಟ್ಟರು, ಹಾಗೆ ಟೀಮಿನ ಮಾಲಕರಾದರು. ನನಗೆ ಆಡಲು ಬರುತ್ತಿರಲಿಲ್ಲ. ನಾನು ಕೂಗಿಸುವವನು. ನಾನು ‘ಕಲ್ಲ’ ಎಂದರೆ ಓಣಿಯೆಲ್ಲ ‘ಬಾವಿ’ ಎನ್ನುತ್ತಿತ್ತು.

ಅತ್ತಿಗೆ ಪ್ರತಿ ಪಂದ್ಯಕ್ಕೂ ಆ ಬಾವಿಯ ನೀರು ತುಂಬಿದ ತಾಮ್ರದ ಕೊಡ ತರುತ್ತಿದ್ದಳು. ಆಟಕ್ಕೆ ಇಳಿಯುವ ಮೊದಲು ಹುಡುಗರು ಒಬ್ಬೊಬ್ಬರಾಗಿ ಬಗ್ಗಿ ಬೊಗಸೆಯೊಡ್ಡಿ ಒಂದು ಗುಟುಕು ಕುಡಿಯಲೇಬೇಕು. ಆಟದ ನಿಯಮ ಒಂದೂ ಆಕೆಗೆ ತಿಳಿಯದು. ಚೆಂಡು ಯಾವ ಕಡೆ ಹೋದರೂ ಟೀಮಿನ ಹೆಸರು ಕೂಗುವಳು. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುವಂತಿಲ್ಲ, ಅವನು ಸತ್ತ ಮೇಲೂ ಇಲ್ಲ. ಮನೆಯಲ್ಲಿ ಅಣ್ಣನ ಮಾತು ಬಂದರೆ ‘ಅವರು’ ಎಂದಷ್ಟೇ ಹೇಳಿ ಸುಮ್ಮನಾಗುವವಳು, ಮೈದಾನದ ಅಂಚಿನಲ್ಲಿ ಗಂಟಲು ಹರಿಯುವಂತೆ ಕಲ್ಲಬಾವಿ ಎನ್ನುತ್ತಿದ್ದಳು. ಯಾರನ್ನು ಕರೆಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ದೇವದುರ್ಗದಲ್ಲಿ ಪಂದ್ಯಗಳಿದ್ದವು. ಅದಕ್ಕೆ ಮುಂಚೆ ಸಾವಕಾರರು, ಇನ್ನು ಮೇಲೆ ಟೀಮಿಗೆ ಮಿಲ್ಲಿನ ಹೆಸರು ಎಂದು ಹೇಳಿಕಳಿಸಿದರು. ಓಣಿ ಬಾವಿಕಟ್ಟೆಯ ಹತ್ತಿರ ಸೇರಿತು. ಕೆಲವರು ಸಿಟ್ಟಾದರು, ಕೆಲವರು ನಕ್ಕರು.

“ಬೂಟು ಕೊಟ್ಟಾನ, ಕಾಲೂ ಅವನಽ ಕೊಟ್ಟಾನೇನ್ಲೇ?” ಎಂದ ಒಬ್ಬ ಮುದಿ ಹಮಾಲ. “ಇವತ್ತು ಟೀಮಿಗಿ ಇಡ್ತಾನ. ನಾಳಿ ಬಾವಿಗಿ ಬೋರ್ಡು ಹಾಕಿ, ನೀರಿಗಿ ಹೋದ್ರ ಗೇಟ್‌ಪಾಸ್ ಕೇಳ್ತಾನ.”

ಹಳೆಯ ಹೆಸರಿಲ್ಲದಿದ್ದರೆ ಬೂಟು ವಾಪಸು ಕೊಟ್ಟು ಮೊದಲಿನಂತೆ ಬರಿಗಾಲಲ್ಲಿ ಆಡುವುದೆಂದು ನಿಶ್ಚಯವಾಯಿತು. ಮಿಲ್ಲಿನ ಕೆಲಸ ಹೋದರೂ ಹೋಗಲಿ ಎಂದು ಹುಡುಗರೂ ಒಪ್ಪಿದರು. ಓದಿದವನೆಂದು ನನ್ನನ್ನು ಸಾವಕಾರರ ಬಳಿ ಕಳಿಸಿದರು. ಹೊರಡುವಾಗ ಅತ್ತಿಗೆ ಬಾಗಿಲ ತನಕ ಬಂದಳು. “ಬ್ಯಾರೆ ಏನರ ತಗೋ ಅನ್ನು ಅವರಿಗಿ. ಹೆಸರೊಂದು ಬಿಡು ಅನ್ನು.”

ಸಾವಕಾರರ ಮನೆಯಲ್ಲಿ ನಮ್ಮಂಥವರಿಗೆ ಹೊರಗಿನ ಗೋಡೆಯ ಗೂಡಿನಲ್ಲಿ ಬೇರೆ ಲೋಟಗಳಿದ್ದವು. ಕುಡಿದು, ನಾವೇ ತೊಳೆದು ಬೋರಲು ಹಾಕಬೇಕು. ಅವತ್ತು ಅವರು ನನ್ನನ್ನು ಒಳಗೆ ಕರೆದರು. ಕುರ್ಚಿ ತೋರಿಸಿದರು. ತಾವು ಕುಡಿಯುತ್ತಿದ್ದಂಥದೇ ಪಿಂಗಾಣಿ ಕಪ್ಪಿನಲ್ಲಿ ನನಗೂ ಚಹಾ ತರಿಸಿದರು. ನಾನು ಹಿಂದೆ ಒರಗದೆ ಕುರ್ಚಿಯ ತುದಿಯಲ್ಲಿ ಕುಳಿತೆ.

“ಬಾವಿ ಹೆಸರು ಹೇಳಿದ್ರ ನೀವು ಯಾ ಓಣ್ಯಾವ್ರು ಅಂತ ಎಲ್ಲಾರಿಗೂ ಗೊತ್ತಾಗ್ತದ,” ಎಂದರು ಅವರು, ಸಮಾಧಾನವಾಗಿಯೇ. “ಮಿಲ್ಲಿನ ಹೆಸರಾದ್ರ ಯಾರೂ ಕೇಳಂಗಿಲ್ಲ. ನೀ ಓದಿದಾವ, ನಿನಗ ತಿಳೀತದ.”

ಆ ಮಾತು ನನಗೆ ಹಿತವಾಯಿತು, ಸುಳ್ಳು ಹೇಳುವುದಿಲ್ಲ. ಯಾರೂ ಕೇಳದ ಹೆಸರು ನನಗೂ ಬೇಕಿತ್ತು. ಓಣಿಯವರು ಒಪ್ಪಿದ್ದಾರೆ ಎಂದುಬಿಟ್ಟೆ. ತಿರುಗಿ ಬಂದು, ಬಾವಿಕಟ್ಟೆಯ ಹತ್ತಿರ ಕಾಯುತ್ತಿದ್ದವರಿಗೆ, ಸಾವಕಾರರು ಒಪ್ಪಿದ್ದಾರೆ, ಹಳೆಯ ಹೆಸರೇ ಇರುತ್ತದೆ ಎಂದೆ. ಎರಡೂ ಕಡೆ ಸುಳ್ಳು. ಮೈದಾನಕ್ಕೆ ಇಳಿದು ಗೆದ್ದರೆ ಎಲ್ಲರೂ ಮರೆಯುತ್ತಾರೆ ಎಂದುಕೊಂಡಿದ್ದೆ. ಅತ್ತಿಗೆ ಅವತ್ತು ಸಜ್ಜಿ ರೊಟ್ಟಿಯ ಜೊತೆ ನನಗೆಂದು ಬೆಲ್ಲ ಇಟ್ಟಳು.

ಲಾರಿಯಲ್ಲಿ ದೇವದುರ್ಗದ ತನಕ ಹಳೆಯ ಹೆಸರು ಕೂಗುತ್ತಲೇ ಹೋದೆವು. ಕೊಡದ ಬಾಯಿಗೆ ಬಟ್ಟೆ ಕಟ್ಟಿ ಅತ್ತಿಗೆ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅಲ್ಲಿ ಮಿಲ್ಲಿನವರು ಟ್ರಂಕು ತೆರೆದು ಹೊಸ ಅಂಗಿಗಳನ್ನು ಹಂಚಿದರು. ಬೆನ್ನ ಮೇಲೆ ಮಿಲ್ಲಿನ ಹೆಸರು. ಮೈಕಿನಲ್ಲೂ ಅದನ್ನೇ ಕೂಗಿದರು. ಹುಡುಗರು ನನ್ನ ಕಡೆ ನೋಡಿದರು, ಓಣಿಯವರು ನೋಡಿದರು. ನಾನು ಸಾವಕಾರರ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದೆ.

ಅತ್ತಿಗೆ ಕೊಡ ಹೊತ್ತು ನೇರ ನನ್ನ ಮುಂದೆ ಬಂದು ನಿಂತಳು. “ಏನಪ್ಪಾ, ನೀ ಹೇಳಿದ್ದು ಬ್ಯಾರೆ ಇತ್ತಲ್ಲ?”

ಸಾವಕಾರರು ನನ್ನ ಕಡೆ ತಿರುಗಿದರು. “ಯಾರಕಿ?”

“ಯಾರೋ ನಮ್ಮ ಓಣ್ಯಾಕಿ ರೀ,” ಎಂದೆ. ಆಮೇಲೆ ಆಕೆಗೆ, “ಕೊಡ ಅತ್ತಾಗ ಒಯ್ಯಿ ಬೇ. ಇಲ್ಲಿ ಸೋಡಾ ಅದಾವ.”

ಆಕೆ ಅರ್ಧ ಬಿಚ್ಚಿದ್ದ ಬಟ್ಟೆಯನ್ನು ಮತ್ತೆ ಕೊಡದ ಬಾಯಿಗೆ ಬಿಗಿದಳು. ಓಣಿಯವರು ಒಬ್ಬರ ಹಿಂದೆ ಒಬ್ಬರು ಮೈದಾನಕ್ಕೆ ಬೆನ್ನು ತಿರುಗಿಸಿ ನಿಂತರು. ಮೈಕಿನಲ್ಲಿ ಹೆಸರು ಕೂಗಿಯಾಗಿತ್ತು, ಹುಡುಗರು ಆಡಿದರು, ಏನು ಆಡಿದರೋ. ಮುಗಿದ ಮೇಲೆ ಯಾರೂ ಲಾರಿ ಹತ್ತಲಿಲ್ಲ. ಅತ್ತಿಗೆ ಆ ತುಂಬಿದ ಕೊಡವನ್ನು ಬಸ್ಸಿನಲ್ಲಿ ರಾಯಚೂರಿಗೆ ತಂದಳು. ದಾರಿಯಲ್ಲಿ ಚೆಲ್ಲಬಹುದಿತ್ತು, ಬಾಯಾರಿದವರಿಗೆ ಕೊಡಬಹುದಿತ್ತು. ನಾನು ಓಣಿಯ ತಿರುವಿನಲ್ಲಿ ಮರೆಯಾಗಿ ನಿಂತು ನೋಡಿದೆ. ಬಾವಿಕಟ್ಟೆಯ ಮೇಲೆ ಬಗ್ಗಿ ಕೊಡದ ಬಟ್ಟೆ ಬಿಚ್ಚಿದಳು, ನಿಧಾನ ಓರೆ ಮಾಡಿ ನೀರನ್ನು ಬಾವಿಗೇ ಸುರಿದಳು, ಬರಿದು ಕೊಡ ಸೊಂಟಕ್ಕಿಟ್ಟುಕೊಂಡಳು. ಮನೆಯಲ್ಲಿ ಎಂದಿನಂತೆ ನನಗೆ ಊಟಕ್ಕೆ ಬಡಿಸಿದಳು.

ಮುಂದಿನ ಪಂದ್ಯ ಮಾನ್ವಿಯಲ್ಲಿ. ಆಡುವ ಹುಡುಗರನ್ನು ಬಿಟ್ಟರೆ ಓಣಿಯಿಂದ ಒಬ್ಬರೂ ಬರಲಿಲ್ಲ. ಮಿಲ್ಲಿನ ಹೆಸರನ್ನು ನಾನೊಬ್ಬನೇ ಕೂಗಿದೆ, ಎದುರು ಯಾರೂ ಉತ್ತರ ಕೊಡಲಿಲ್ಲ. “ಇವನ್ನ ಕೂಗಾಕ ಕೂಲಿ ಕೊಟ್ಟು ತಂದಾರೇನ್ಲೇ?” ಎಂದು ಮಾನ್ವಿಯ ಹುಡುಗರು ನಕ್ಕರು. ಮರುವರ್ಷಕ್ಕೆ ಸಾವಕಾರರಿಗೂ ಬೇಸರ ಬಂತು. ಹೊಸ ಅಂಗಿಗಳು ಮಿಲ್ಲಿನ ಯಂತ್ರ ಒರೆಸಲು ಹೋದವು. ಹಳೆಯ ಹೆಸರಿನಲ್ಲಿ ಮತ್ತೆ ಆಡೋಣ ಎಂದರೆ ಹುಡುಗರಿಗೆ ಮನಸ್ಸಾಗಲಿಲ್ಲ. ಅತ್ತಿಗೆ ಮಾನ್ವಿ ಕಡೆಯ ಬಾಗಲವಾಡಕ್ಕೆ, ತನ್ನ ತಂಗಿಯ ಮನೆಗೆ ಹೋದಳು.

ಎಂಬತ್ತರ ದಶಕದಲ್ಲಿ ಒಮ್ಮೆ ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಆಕೆಯನ್ನು ಕಂಡೆ. ನಾನು ರಾಯಚೂರಿನ ಬಸ್ಸಿನ ಕಿಟಕಿಯಲ್ಲಿದ್ದೆ. ಕೆಳಗೆ ಆಕೆ, ಬಾಗಲವಾಡದ ಬಸ್ಸು ಯಾವುದೆಂದು ಬಂದವರನ್ನೆಲ್ಲ ಕೇಳುತ್ತಿದ್ದಳು. ಯಾರೂ ನಿಂತು ಹೇಳಲಿಲ್ಲ. ಬೋರ್ಡು ಓದಲು ಆಕೆಗೆ ಬರುತ್ತಿರಲಿಲ್ಲ. ನನ್ನನ್ನು ಓದಿಸಿದವಳು. ಬಸ್ಸು ನಮ್ಮ ಪಕ್ಕದಲ್ಲೇ ನಿಂತಿತ್ತು, ಬೋರ್ಡು ನನ್ನ ಕಣ್ಣೆದುರೇ ಇತ್ತು. ನಾನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ನಿದ್ದೆ ಬಂದವನಂತೆ ಕುಳಿತೆ. ಆ ಬಸ್ಸು ಆಕೆಯನ್ನು ಬಿಟ್ಟೇ ಹೊರಟಿತು.

ಮತ್ತೆ ನೋಡಲಿಲ್ಲ. ಆಕೆ ಹೋದ ಸುದ್ದಿ ನನಗೆ ಮುಟ್ಟುವಾಗ ಮಣ್ಣು ಆಗಿಹೋಗಿತ್ತು. ನಲ್ಲಿ ಬಂದ ಮೇಲೆ ಬಾವಿಯನ್ನೂ ಕಸ ತುಂಬಿ ಮುಚ್ಚಿದರು. ಕ್ಷಮೆ ಕೇಳಲು ಆಕೆಯೂ ಇಲ್ಲ, ಹೋಗಿ ನಿಲ್ಲಲು ಒಂದು ಕಟ್ಟೆಯೂ ಇಲ್ಲ. ಉಳಿದಿರುವುದು ದೇವದುರ್ಗದ ಮೈದಾನದಲ್ಲಿ ಸಾವಕಾರರು ಕೇಳಿದ ಪ್ರಶ್ನೆ ಒಂದೇ. ಅದಕ್ಕೆ ಅವತ್ತೇ, ಆ ಕುರ್ಚಿಯಿಂದ ಎದ್ದು ನಿಂತು, ಹೇಳಬೇಕಾಗಿತ್ತು:

ಆಕಿ ನಮ್ಮ ಅತ್ತಿಗಿ ಅದಾಳ್ರಿ. ಆ ಬಾವ್ಯಾಗ ಸತ್ತ ನಮ್ಮಣ್ಣನ ಹೆಂಡತಿ.