ಲಾಳಿಯ ಲೆಕ್ಕದ ಉಸಿರು

ಎಡಪ್ಪಾಡಿಯ ನಮ್ಮ ಬೀದಿಯ ಸಂಗೀತದ ಮೇಷ್ಟ್ರು ಮಗ್ಗ ನೇಯುತ್ತಲೇ ನನ್ನ ತಂಗಿಗೆ ಪಾಠ ಹೇಳುತ್ತಿದ್ದರು. ಲಾಳಿ ಆ ಕಡೆ ಓಡಿದರೆ ಉಸಿರೆಳೆಯಬೇಕು, ಈ ಕಡೆ ಬಂದರೆ ಹಾಡಬೇಕು. “ಒಟ್ಟೆಯಿಂದ ಆಡಮ್ಮಾ, ಗಂಟ್ಲು ಬರೀ ಬಾಗ್ಲು” ಎಂಬುದು ಅವರ ಮಹಾಶಾಸ್ತ್ರ. ನಾನು ಪುರಾವೆ ಕೇಳಿದರೆ “ಬಾಯ್ ಮುಚ್ಲಾ, ವಕೀಲಾ” ಎಂಬ ಪುರಾವೆ ಸಿಗುತ್ತಿತ್ತು.

ಶಾಲೆಯ ಗಾಯನ ತಂಡಕ್ಕೆ ಆಯ್ಕೆ ನಡೆದ ದಿನ ಸಭಾಂಗಣ ನಿಶ್ಶಬ್ದವಾಗಿತ್ತು. ಮಗ್ಗದ ಸದ್ದಿಲ್ಲದೆ ಎಲ್ಲಿ ಉಸಿರೆಳೆಯಬೇಕೆಂದು ತಿಳಿಯದೆ ತಂಗಿ ಹಾಡಿನ ಮೊದಲ ಸಾಲಿಗೇ ನಿಂತುಬಿಟ್ಟಳು. ಹಿಂದಿನಿಂದ ಮೇಷ್ಟ್ರು ಬೆಂಚು ಬಡಿಯುತ್ತ ಕೂಗಿದರು: “ಎಳಿಯಮ್ಮಾ! ಬುಡಮ್ಮಾ!” ಅವಳು ಹಾಡು ಮುಗಿಸಿದಳು, ಆದರೆ ಹೊರಗಿನವರ ನೆರವು ಪಡೆದಳೆಂದು ತೀರ್ಪುಗಾರರು ಅವಳನ್ನು ಕೈಬಿಟ್ಟರು.

ಅಂಗಳಕ್ಕೆ ಬಂದವಳೇ ಗೊಳೋ ಎಂದು ಅಳತೊಡಗಿದಳು. ಮೇಷ್ಟ್ರು ತಲೆ ವಾಲಿಸಿ ಆಲಿಸಿದರು, ನನ್ನ ಭುಜ ತಟ್ಟಿದರು: “ನೋಡ್ಲಾ, ಒಂದೇ ಉಸ್ರು ಎಷ್ಟುದ್ದ ನಿಲ್ತೈತೆ!”