ಮಾಲನಬಿಯ ಬೂಸ್ಟರ್

ಹಜ್ ಯಾತ್ರೆ ಮುಗಿಸಿ ಬಂದವರ ಮನೆಗೆ ಜನ ಝಮ್‌ಝಮ್ ನೀರಿಗೆಂದು, ಖರ್ಜೂರಕ್ಕೆಂದು ಹೋಗುತ್ತಾರೆ. ಸಿಂದಗಿಯ ಮಾಲನಬಿ ನದಾಫ ಹೋಗಿ ಕೇಳಿದ್ದು, ಅಲ್ಲಿಯ ಗೋಡೆಗಳಲ್ಲಿ ಪ್ಲಗ್ಗಿನ ತೂತುಗಳು ಹೇಗಿರುತ್ತವೆ ಎಂದು.

ಅವಳ ಗಂಡ ಮಶಾಕಸಾಬ ಗಾದಿ ಮಾಡುವವನು. ಹತ್ತಿ ಹಿಂಜುವುದು ಅವನ ಕೆಲಸ, ಹಿಂಜಿದ ಹತ್ತಿಯನ್ನು ಅರಿವೆಯ ಖೋಳಿಗೆ ತುಂಬಿ ಹೊಲಿಯುವುದು ಅವಳ ಕೆಲಸ. ವರ್ಷಗಟ್ಟಲೆ ಹತ್ತಿಯ ಧೂಳು ಕುಡಿದು ಅವನಿಗೆ ದಮ್ಮು ಹತ್ತಿತ್ತು. ಡಾಕ್ಟರು ಹೇಳಿದರೆಂದು ಮನೆಯಲ್ಲಿ ಒಂದು ನೆಬುಲೈಸರ್ ತಂದಿಟ್ಟಿದ್ದರು. ಅದರಲ್ಲಿ ಔಷಧ ಹಾಕಿ ಸ್ವಿಚ್ ಒತ್ತಿದರೆ ಮಂಜಿನಂಥ ಹಬೆ ಬರುತ್ತಿತ್ತು. ಅದನ್ನು ಮೂಗಿಗೆ ಹಿಡಿದರೆ ಎದೆ ಬಿಚ್ಚಿಕೊಳ್ಳುತ್ತಿತ್ತು. ಆದರೆ ಸಂಜೆಯಾದರೆ ಸಿಂದಗಿಯ ಕರೆಂಟ್ ಸಣ್ಣದಾಗುತ್ತಿತ್ತು. ಬಲ್ಬು ಕೆಂಪಗೆ ಮಿಣುಕುತ್ತಿತ್ತು, ಮಷಿನ್ ಬರೀ ಗುಂಯ್ ಎನ್ನುತ್ತಿತ್ತು, ಹಬೆ ಮಾತ್ರ ಬರುತ್ತಿರಲಿಲ್ಲ. ಅದಕ್ಕೇ ಟಿ.ವಿ.ಗೆ ಹಾಕುವ ಬೂಸ್ಟರ್ ಒಂದನ್ನು ತಂದರು. ಕಬ್ಬಿಣದ ಡಬ್ಬಿ, ಮುಂದೆ ಒಂದು ಮುಳ್ಳು, ಪಕ್ಕದಲ್ಲಿ ತಿರುಗಿಸುವ ಗುಬ್ಬಿ. ಗುಬ್ಬಿ ತಿರುಗಿಸಿದಂತೆ ಕರೆಂಟ್ ಏರುತ್ತಿತ್ತು, ಮುಳ್ಳು ಹಸಿರು ಪಟ್ಟಿಗೆ ಬಂದರೆ ಮಷಿನ್ ಸರಿಯಾಗಿ ನಡೆಯುತ್ತಿತ್ತು.

ಪಕ್ಕದ ಮನೆಯ ರೇವವ್ವ ಅಂಥದ್ದೇ ಡಬ್ಬಿಯ ಗುಬ್ಬಿಯನ್ನು ಏರಿಸಿದಲ್ಲೇ ಬಿಟ್ಟು ಮಲಗಿದ್ದಳು. ತುಂಬು ಕರೆಂಟ್ ಒಮ್ಮೆಲೇ ಬಂದು ಅವಳ ಟಿ.ವಿ. ಸುಟ್ಟುಹೋಯಿತು. ಅಂದಿನಿಂದ ಮಾಲನಬಿ ಪ್ರತಿಸಲ ಕೆಲಸ ಮುಗಿದ ಮೇಲೆ ಗುಬ್ಬಿಯನ್ನು ತಳಕ್ಕೆ ಇಳಿಸಿಯೇ ಪ್ಲಗ್ ಕೀಳುತ್ತಿದ್ದಳು. ಮತ್ತೆ ಹಚ್ಚುವಾಗ ಮುಳ್ಳು ನೋಡುತ್ತ ಒಂದೊಂದೇ ಹೆಜ್ಜೆ ಏರಿಸುತ್ತಿದ್ದಳು. ಈ ವಿಷಯದಲ್ಲಿ ಅವಳಿಗೆ ಅವಸರವೆಂಬುದೇ ಇರಲಿಲ್ಲ.

ತೊಂಬತ್ತೊಂಬತ್ತರಲ್ಲಿ ಇಬ್ಬರಿಗೂ ಹಜ್‌ಗೆ ಹೆಸರು ಬಂತು. ಮಶಾಕಸಾಬ ಹಜ್‌ಗೆ ಉಡುವ ಬಿಳಿಯ ಇಹ್ರಾಮ್ ಬಟ್ಟೆಯ ಚಿಂತೆಯಲ್ಲಿದ್ದ. ಮಾಲನಬಿಗೆ ಇದ್ದದ್ದು ಒಂದೇ ಚಿಂತೆ. ಅರಫಾತದ ದಿನ ಮಕ್ಕಾದ ಹೊರಗಿರುವ ಅರಫಾತದ ಬಯಲು ತಲುಪದಿದ್ದರೆ ಹಜ್ ಕೂಡುವುದಿಲ್ಲ. ಅಷ್ಟು ಜನರ ನಡುವೆ, ಅಷ್ಟು ಧೂಳಿನಲ್ಲಿ, ಗಂಡನ ಉಸಿರು ಅಲ್ಲಿಯತನಕ ಸಾಥ್ ಕೊಡಬೇಕು. ಹಾಗಾಗಿ ಬಸವನ ಬಾಗೇವಾಡಿಯ ಹಾಜಿಯೊಬ್ಬರ ಮನೆಗೆ ಹೋಗಿ ಪ್ಲಗ್ಗಿನ ತೂತು ಕೇಳಿದಳು. ಹಾಜಿಗೆ ನೆನಪಿರಲಿಲ್ಲ. ಅವರ ಹೆಂಡತಿ ಮಾತ್ರ, ಊರಿಂದ ಒಯ್ದ ಇಸ್ತ್ರಿ ಪೆಟ್ಟಿಗೆ ಅಲ್ಲಿ ಕಾಯಲೇ ಇಲ್ಲ ಎಂದರು. ಮಾಲನಬಿಗೆ ಅಷ್ಟು ಸಾಕಾಯಿತು. ಮಕ್ಕಾದಲ್ಲೂ ಸಂಜೆಮುಂದೆ ಕರೆಂಟ್ ಸಣ್ಣದಾಗುತ್ತದೆ ಎಂದುಕೊಂಡು ಬೂಸ್ಟರನ್ನು ಗಾದಿಯ ಹತ್ತಿಯಲ್ಲಿ ಸುತ್ತಿ ಗಂಟು ಕಟ್ಟಿದಳು.

“ಅದು ಸೌದಿ ಐತಿ, ಸಿಂದಗಿ ಅಲ್ಲ,” ಎಂದ ಮಶಾಕಸಾಬ. “ಮಂದಿ ರೊಟ್ಟಿ-ಚಟ್ನಿ ಒಯ್ತಾರ, ನೀ ಕಬ್ಬಿಣ ಹೊರಾಕತ್ತಿ.”

“ಹೊರಾಕಿ ನಾ ಅದೇನಿ. ನೀವು ಬರೇ ಉಸರಾಡ್ರಿ,” ಎಂದಳು ಅವಳು.

ಮಕ್ಕಾದಲ್ಲಿ ಅವರ ಕೋಣೆಯಲ್ಲಿ ಇಂಡಿ ಊರಿನ ನಿಂಬೆಹಣ್ಣಿನ ವ್ಯಾಪಾರಿ ಫಕ್ರುದ್ದೀನ ಮತ್ತು ಅವನ ಹೆಂಡತಿಯೂ ಇದ್ದರು. ಮಾಲನಬಿಯನ್ನು ಅವನು ಅಕ್ಕನೆಂದು ಆಪಾ ಅನ್ನುತ್ತಿದ್ದ. ಗಂಟು ಬಿಚ್ಚಿದಾಗ ಫಕ್ರುದ್ದೀನ, ಆಪಾ ಟಿ.ವಿ. ಮರೆತು ಬಂದಿದ್ದಾರೆ, ಬರೀ ಬೂಸ್ಟರ್ ತಂದಿದ್ದಾರೆ ಎಂದು ನಗಿಸಿದ. ಗೋಡೆಯ ತೂತುಗಳು ಚಪ್ಪಟೆಯಾಗಿದ್ದವು, ನಮ್ಮ ದುಂಡು ಪಿನ್ನು ಒಳಗೆ ಹೋಗುವಂತಿರಲಿಲ್ಲ. ಮಾಲನಬಿ ಗಾದಿಗೆ ಅಳತೆ ತೆಗೆಯುವಂತೆ ಒಂದು ಅರಿವೆಯ ತುಂಡನ್ನು ಅದರ ಮೇಲಿಟ್ಟು ಸೀಮೆಸುಣ್ಣ ತಿಕ್ಕಿ ಗುರುತು ಮಾಡಿಕೊಂಡಳು. ಬಜಾರಿನಲ್ಲಿ ಹೈದರಾಬಾದಿನ ಅಂಗಡಿಯವನೊಬ್ಬ ಆ ಅರಿವೆ ನೋಡಿ ನಕ್ಕ, ಆದರೆ ಒಂದೇ ಸಲಕ್ಕೆ ಸರಿಯಾದ ಅಡಾಪ್ಟರ್ ತೆಗೆದುಕೊಟ್ಟ. ನಮ್ಮ ಪ್ಲಗ್ ಅದರಲ್ಲಿ ಕೂತಿತು, ಅದು ಗೋಡೆಯಲ್ಲಿ ಕೂತಿತು.

ಮುಳ್ಳು ಕೆಳಗೇ ನಿಂತಿತ್ತು. ಅವಳು ಗುಬ್ಬಿ ಏರಿಸಿದಳು, ಹಬೆ ಬಂತು. ಅವಳಿಗೆ ಸೋಜಿಗವಾದದ್ದು ಇನ್ನೊಂದು. ಗುಬ್ಬಿ ಏರಿಸುವ ಮೊದಲು ಬೆಳಿಗ್ಗೆ ನೋಡಿದರೂ, ಸಂಜೆ ನೋಡಿದರೂ ಮುಳ್ಳು ಅದೇ ಜಾಗದಲ್ಲಿ ಇರುತ್ತಿತ್ತು. ಇದು ಸೋತ ಕರೆಂಟಲ್ಲ, ಇಲ್ಲಿ ಇದರ ಅಳತೆಯೇ ಇಷ್ಟು ಎಂದು ಅವಳಿಗೆ ತಿಳಿಯಿತು. ಗಾದಿಯಲ್ಲೂ ದೊಡ್ಡದು, ಸಣ್ಣದು ಇರುವುದಿಲ್ಲವೇ? ಹಾಗಾದರೆ ಇಲ್ಲಿ ದೊಡ್ಡ ಅಳತೆಯದೂ ಎಲ್ಲಾದರೂ ಇರಬಹುದು ಎಂದು ಮನಸ್ಸಿನಲ್ಲಿಟ್ಟುಕೊಂಡಳು.

ಹಾಜಿಗಳ ಡೇರೆಗಳಿರುವ ಮಿನಾಕ್ಕೆ ಹೊರಡುವ ದಿನ ಬಂತು, ಅರಫಾತ ಅದರ ಮರುದಿನ. ಹರಮ್ ಮಸೀದಿಯಿಂದ ತಿರುಗಿ ಬಂದ ಮಶಾಕಸಾಬ ಮೆಟ್ಟಿಲ ಮೇಲೆಯೇ ಕುಸಿದ. ತುಟಿ ನೀಲಿಗಟ್ಟಿತ್ತು, ಎದೆಯೊಳಗೆ ಸಿಳ್ಳು ಹೊಡೆದ ಹಾಗೆ ಸದ್ದು. ಫಕ್ರುದ್ದೀನ ಅವನನ್ನು ಎತ್ತಿ ತಂದು ಕೂರಿಸಿದ. ಮಾಲನಬಿ ಅಡುಗೆಕೋಣೆಯಿಂದ ಓಡಿ ಬರುವಷ್ಟರಲ್ಲಿ ಅವನು ಮಷಿನ್ನನ್ನೂ ಹಚ್ಚಲು ಹೊರಟಿದ್ದ. ಎಂದಿನ ತೂತಿನಲ್ಲಿ ಯಾರದೋ ಇಸ್ತ್ರಿ ಇತ್ತು. ಅದಕ್ಕೇ ಆಚೆ ಗೋಡೆಯ ಕೆಳಗಡೆ ಇದ್ದ ಇನ್ನೊಂದು ತೂತಿಗೆ, ಹಿಂದಿನವರು ಬಿಟ್ಟುಹೋದ ಬೇರೊಂದು ಅಡಾಪ್ಟರಿನಲ್ಲಿ ಬೂಸ್ಟರ್ ಸಿಕ್ಕಿಸಿದ್ದ. ಈಗ ಅವನ ಕೈ ಗುಬ್ಬಿಯ ಮೇಲಿತ್ತು.

“ಕೈ ತಗೀರಿ,” ಎಂದಳು ಮಾಲನಬಿ.

“ದಿನಾ ನೀವ ಇದನ್ನ ಏರಸ್ತೀರಲ್ಲ ಆಪಾ. ತಡಾ ಮಾಡಬ್ಯಾಡ್ರಿ, ಅವರಿಗೆ ಉಸರ ಸಿಗವಲ್ದು.”

“ಗುಬ್ಬಿ ತಳದಾಗ ಐತಿ. ಮುಳ್ಳು ನೋಡ್ರಿ, ಆಗಲೇ ಹಸರಾಗ ಐತಿ. ಈ ತೂತಿನಾಗ ಕರೆಂಟ್ ದೊಡ್ಡ ಅಳತೀದು ಐತ್ರಿ.”

ಫಕ್ರುದ್ದೀನ ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಇನ್ನೆರಡು ಹೆಜ್ಜೆ ತಿರುಗಿಸಿದ್ದರೆ ಮಷಿನ್ ಸುಡುತ್ತಿತ್ತು. ಇದ್ದದ್ದು ಅದೊಂದೇ ಮಷಿನ್. ಗಂಡನ ತಲೆ ಜೋಲುತ್ತಿದ್ದರೂ ಮಾಲನಬಿ ಮುಳ್ಳಿನ ಮೇಲಿನ ಕಣ್ಣು ಕೀಳಲಿಲ್ಲ. ಅದು ಅಲುಗದೆ ನಿಂತದ್ದು ಖಾತ್ರಿಯಾದ ಮೇಲೆ, ಗುಬ್ಬಿ ಇದ್ದಲ್ಲೇ ಬಿಟ್ಟು ಮಷಿನ್ನಿನ ಸ್ವಿಚ್ ಒತ್ತಿದಳು. ಹಬೆ ಬುಸುಬುಸು ಎಂದು ಎದ್ದಿತು. ಗಂಡನ ಗದ್ದ ಎತ್ತಿ ಹಿಡಿದು, ನಿಧಾನಕ್ಕೆ ಎಳೆದುಕೊಳ್ಳಿ ಎಂದು ಮತ್ತೆ ಮತ್ತೆ ಹೇಳುತ್ತ ಕೂತಳು. ಔಷಧ ತೀರುವ ಹೊತ್ತಿಗೆ ಅವನ ತುಟಿಗೆ ಬಣ್ಣ ಬಂದಿತ್ತು. ಕೆಳಗೆ ಬಸ್ಸಿನವರು ಕೂಗುತ್ತಿದ್ದರು. ಮಶಾಕಸಾಬ ಗೋಡೆ ಹಿಡಿದು ತಾನೇ ಎದ್ದ.

ಮರುದಿನ ಅರಫಾತದ ಬಯಲಿನಲ್ಲಿ ಬಿಸಿಲು ಸುರಿಯುತ್ತಿತ್ತು. ಡೇರೆಯ ನೆರಳಿನಲ್ಲಿ ಜನ ಕೈಯೆತ್ತಿ ಅಳುತ್ತಿದ್ದರು. ಮಾಲನಬಿ ಊರಿನಲ್ಲಿ ಯಾರ್ಯಾರೋ ದುವಾದಲ್ಲಿ ಬೇಡಲು ಒಪ್ಪಿಸಿದ ಬೇಡಿಕೆಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಅವೆಲ್ಲ ಮುಗಿದ ಮೇಲೂ ಕೈ ಇಳಿಸದೆ ಪಕ್ಕಕ್ಕೆ ನೋಡುತ್ತಿದ್ದಳು. ಮಶಾಕಸಾಬನ ಎದೆ ಸದ್ದಿಲ್ಲದೆ ಏರುತ್ತಿತ್ತು, ಇಳಿಯುತ್ತಿತ್ತು.

ಅವನಿಗೆ ಅದು ಗೊತ್ತಾಯಿತು. “ನನ್ನ ಎದಿ ಏನ್ ನೋಡಾಕತ್ತಿ? ದುವಾ ಮಾಡು,” ಎಂದ.

“ಅದನ್ನ ಮಾಡಾಕತ್ತೇನ್ರಿ,” ಎಂದಳು.