ಹೊಟ್ಟೆ ಬಿಟ್ಟ ಗೋಡೆ

ನಮ್ಮ ಅಕ್ಕನ ಗಂಡನಿಗೆ ಜೊತೆ ಕೆಲಸದವರು ಇಟ್ಟ ಹೆಸರು ತೂಗುಗುಂಡು, ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡು. ಕಲ್ಲುಕೆಲಸದ ಮೇಸ್ತ್ರಿ. ಯಾರ ಮನೆಗೆ ಹೋದರೂ ಕೊಟ್ಟ ನೀರು ಕುಡಿಯುವ ಮೊದಲು ಒಂದು ಕಣ್ಣು ಮುಚ್ಚಿ ಗೋಡೆಯ ಅಂಚು ನೋಡುವವರು. ಆಸ್ಪತ್ರೆಯಲ್ಲಿ ಮಲಗಿದ್ದಾಗ ಡಾಕ್ಟರಿಗೆ ಹೇಳಿದ್ದು ಹೊಟ್ಟೆನೋವಿನ ಸಂಗತಿಯಲ್ಲ, ಕಿಟಕಿಯ ಚೌಕಟ್ಟು ಅರ್ಧ ಬೆರಳು ವಾಲಿದೆ ಎಂದು. ತಾನು ಮುಟ್ಟಿದ ಗೋಡೆ ಒಂದೂ ನೆಲಕ್ಕೆ ಮಲಗಿಲ್ಲ ಎನ್ನುವುದು ಭಾವನ ಹೆಮ್ಮೆ. ಅಷ್ಟು ಹೆಮ್ಮೆ ಪಡುವ ಕೆಲಸಗಾರರು ನನ್ನ ಕಣ್ಣಿಗೆ ಬೇರೆ ಬಿದ್ದಿಲ್ಲ.

ಆ ಹೆಮ್ಮೆಯ ತಲೆಯ ಮೇಲೆ ಕೂತಿದ್ದುದು ಕೋಟೆಯ ಗೋಡೆ. ಅರ್ಧ ದಿನದ ದಾರಿಯಲ್ಲಿ ಒಂದು ಸಂತೆಯ ಊರು, ಅದರ ನೆತ್ತಿಗೆ ಪಾಳುಕೋಟೆ. ಕೋಟೆಯ ಅಂಗಳದ ಮಣ್ಣು ಜಾರದಂತೆ ಹಿಡಿದು ನಿಲ್ಲಿಸಿದ ಹಳೆಯ ಗೋಡೆಯನ್ನು ಮೂವತ್ತೈದು ವರ್ಷದ ಹಿಂದೆ ದುರಸ್ತಿ ಮಾಡಿದವರು ಭಾವ. ಅವರ ಮಗಳು ಚಿಕ್ಕವಳಿದ್ದಾಗ ಆ ಕಥೆ ಕೇಳದೆ ಮಲಗುತ್ತಿರಲಿಲ್ಲ. ಒಂದು ದಿನ ಕಥೆ ನಿಂತಿತು. ಅವಳೂ ಶಾಲೆ, ಗೆಳತಿಯರು ಎಂದು ಕೇಳುವುದು ಬಿಟ್ಟಳು.

ಹೋದ ವರ್ಷ ಅವಳೇ ನಮ್ಮನ್ನೆಲ್ಲ ಹೊರಡಿಸಿದಳು. "ಅಪ್ಪನ ಗೋಡೆ ನೋಡ್ಕೊಂಡು ಸಂಜೆ ಬಸ್ಸಿಗೆ ಬಂದುಬಿಡೋಣ. ಬೇಡ ಅನ್ನೋ ಹಾಗಿಲ್ಲ."

ಬಸ್ಸಿನಲ್ಲಿ ಭಾವ ಕೂತಲ್ಲಿ ಕೂರಲಿಲ್ಲ. ಹಿಂದಿನ ಸೀಟಿಗೆ ಹೋದರು, ಮುಂದೆ ಬಂದರು, ಮೂರು ಸಲ ಚಪ್ಪಲಿ ಬಿಟ್ಟು ಹಾಕಿಕೊಂಡರು.

"ಏನ್ರೀ, ಸೀಟಿನಲ್ಲಿ ಮುಳ್ಳು ಹಾಕಿದಾರಾ?" ಎಂದಳು ಅಕ್ಕ.

"ಗಾಳಿ ಆಡ್ತಿಲ್ಲ ಕಣೇ."

"ಕಿಟಕಿ ಪಕ್ಕ ಕೂತು ಗಾಳಿ ಆಡ್ತಿಲ್ಲ ಅಂದ್ರೆ, ಬಸ್ಸಿನ ನೆತ್ತಿ ಮೇಲೆ ಹತ್ತಿ ಕೂತ್ಕೊಳ್ಳಿ."

ಅವತ್ತು ಸಂತೆ. ಗೋಡೆಯ ಬುಡದುದ್ದಕ್ಕೂ ನೆರಳು ಚಾಚಿತ್ತು, ನೆರಳಿನ ತುಂಬ ಮಾರುವವರು. ಮಡಕೆ ಮಾರುವ ಹೆಂಗಸು ಗೋಡೆಗೇ ಬೆನ್ನು ಕೊಟ್ಟು ಕೂತಿದ್ದಳು. ಅವಳ ತಲೆಗಿಂತ ಎರಡು ಮೊಳ ಮೇಲೆ ಗೋಡೆ ಮುಂದಕ್ಕೆ ಉಬ್ಬಿತ್ತು. ಕಲ್ಲು ಕಲ್ಲಿನ ನಡುವೆ ಬೆರಳು ತೂರುವಷ್ಟು ಬಿರುಕು.

ಭಾವ ನನ್ನ ತೋಳು ಹಿಡಿದರು. "ಹೊಟ್ಟೆ ಬಿಟ್ಟಿದೆ ಕಣಯ್ಯ."

ಆಗಲೇ ಅವರು ನನಗೆ ಹೇಳಿದ್ದು. ಹಳೆಯ ಕಾಲದವರು ಗೋಡೆಯ ಬುಡದಲ್ಲಿ ಅಂಗೈಯಗಲದ ಹನ್ನೊಂದು ಕಂಡಿ ಬಿಟ್ಟಿದ್ದರಂತೆ. ಭಾವನಿಗೆ ಆಗ ಇಪ್ಪತ್ತೇಳು ವರ್ಷ, ಯಾರ ಕೈಕೆಳಗೂ ನಿಲ್ಲದೆ ಕಲಿತ ಕೈ. ಹಿಂದಿನವರ ಸೋಮಾರಿತನ ಎಂದುಕೊಂಡು ಹನ್ನೊಂದಕ್ಕೂ ಕಲ್ಲು, ಸಿಮೆಂಟು ತುಂಬಿ ಗುರುತು ಸಿಗದಂತೆ ಮುಚ್ಚಿದರು. ಮಣ್ಣು ಹೊತ್ತ ಗೋಡೆಗೆ ನೀರು ಹೊರಗೆ ಹೋಗಲು ದಾರಿ ಬೇಕೆಂದು ತಿಳಿದದ್ದು ಐದು ವರ್ಷದ ಮೇಲೆ, ಬೇರೆ ಊರಿನ ಕೆಲಸದಲ್ಲಿ. ಅಂದಿನಿಂದ ಈ ಕಡೆ ತಲೆ ಹಾಕಿರಲಿಲ್ಲ.

ಭಾವ ಮಡಕೆಯವಳ ಮುಂದೆ ಹೋಗಿ ನಿಂತರು. "ಅಮ್ಮಾ, ಇಲ್ಲಿಂದ ಏಳು. ಗೋಡೆ ಹೊಟ್ಟೆ ಬಿಟ್ಟಿದೆ."

"ನನಗೂ ಬಿಟ್ಟಿದೆ. ನಾನೇನು ಬಿದ್ದುಹೋದೆನಾ?" ಸಾಲಿನವರೆಲ್ಲ ನಕ್ಕರು.

ನಗು ಕೇಳಿ ಕೋಟೆಯ ಕಾವಲುಗಾರ ಬಂದ. "ಯಜಮಾನ್ರೇ, ಸುಮ್ನೆ ಜನಾನ ಹೆದರಿಸಬೇಡಿ. ಈ ಗೋಡೆ ರಿಪೇರಿ ಮಾಡಿದ ಮೇಸ್ತ್ರಿ ಅಂಥಿಂಥವನಲ್ಲ. ನೋಡಿ, ಇಲಿ ನುಗ್ಗೋಕೂ ಒಂದು ಕಂಡಿ ಬಿಟ್ಟಿಲ್ಲ. ಬಂದೋರಿಗೆಲ್ಲ ತೋರಿಸ್ತೀನಿ ನಾನು."

ಮಗಳ ಮುಖ ಅರಳಿತು. "ಅದು ನಮ್ಮಪ್ಪಾನೇ ರೀ" ಎಂದಳು.

ಕಾವಲುಗಾರ ಎರಡು ಕೈ ಜೋಡಿಸಿದ. ಹತ್ತಾರು ಜನ ಕತ್ತು ಎತ್ತಿ ನೋಡಿದರು. ಮೂವತ್ತು ವರ್ಷದಲ್ಲಿ ಭಾವನಿಗೆ ಅಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ. ಅವರು ಒಂದು ಸಲ ಮಗಳನ್ನು ನೋಡಿದರು, ಒಂದು ಸಲ ಮಡಕೆಯವಳ ತಲೆಯ ಮೇಲಿನ ಕಲ್ಲನ್ನು.

"ಮುಚ್ಚಬಾರದ ಕಂಡಿ ಮುಚ್ಚಿದವನು ನಾನು" ಎಂದರು. ದನಿ ಸಣ್ಣಗಿತ್ತು. ಯಾರಿಗೂ ಕೇಳಿಸಲಿಲ್ಲವೆಂದು ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದರು. "ನೀರು ಹೋಗೋ ದಾರಿ ಕಣಪ್ಪ ಅವು. ತಿಳೀದೆ ಮುಚ್ಚಿದೆ. ಒಳಗಿನ ಮಣ್ಣು ನೀರು ಕುಡಿದು ಗೋಡೆನ ದೂಡ್ತಾ ಇದೆ. ನಾಳೆ ಬೀಳುತ್ತೋ, ಈಗ ಬೀಳುತ್ತೋ, ಹೇಳೋಕೆ ಆಗಲ್ಲ. ಕಟ್ಟಿದವನೇ ಹೇಳ್ತಿದೀನಿ, ಏಳ್ರಪ್ಪ."

ಈಗ ಯಾರೂ ನಗಲಿಲ್ಲ. ಮಡಕೆಯವಳು ತಲೆಯೆತ್ತಿ ನೋಡಿದಳು, ಎದ್ದಳು.

"ತಿಳೀದೆ ಮುಚ್ಚಿದ್ದು ಸರಿ" ಎಂದಳು ಮಗಳು. "ತಿಳಿದದ್ದು ಯಾವಾಗ, ಅಪ್ಪ?"

"ನಿನಗೆ ಕಥೆ ಹೇಳೋದು ನಿಲ್ಲಿಸಿದಾಗ."

ಅವಳು ಸೀರೆಯ ಸೆರಗು ಸಿಕ್ಕಿಸಿ ಎರಡೆರಡು ಮಡಕೆ ಎತ್ತಿ ಬೀದಿಯ ಆಚೆ ಬದಿಗೆ ಸಾಗಿಸತೊಡಗಿದಳು. ನಾನೂ ಅಕ್ಕನೂ ಕೈ ಹಾಕಿದೆವು. ಮೂರು ಮಡಕೆ ಒಡೆದವು, ಬೈಗುಳ ಅಕ್ಕನ ಪಾಲಿಗೆ ಬಂತು. ಕಾವಲುಗಾರ ಬುಡದುದ್ದಕ್ಕೂ ಹಗ್ಗ ಎಳೆದು ಕಚೇರಿಗೆ ಫೋನು ಮಾಡಿದ. ಬೆಳಗ್ಗೆ ಬರುತ್ತೇವೆ, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ ಎಂದರಂತೆ.

ಬಸ್ಸಿನ ಹೊತ್ತಾಯಿತು. ಭಾವ ಬೀದಿಯ ಆಚೆ ಜಗುಲಿಯೊಂದರ ಮೇಲೆ, ಗೋಡೆಗೆ ಎದುರಾಗಿ ಕೂತಿದ್ದರು.

"ಏಳಿ. ಗೋಡೆ ಕಾಯೋಕೆ ಆಳು ಇದಾನೆ" ಎಂದಳು ಅಕ್ಕ.

"ಕಂಡಿ ಎಲ್ಲೆಲ್ಲಿವೆ ಅಂತ ಅವನಿಗೆ ಗೊತ್ತಾ? ಬಂದವರು ಎಲ್ಲೆಂದರಲ್ಲಿ ಹಾರೆ ಹಾಕಿದರೆ ಎಲ್ಲ ಒಂದೇ ಸಲ ಕೆಳಗೆ ಬರುತ್ತೆ. ನೀವು ಹೋಗಿ."

ಅಕ್ಕ ಬೈದಳು, ಬುತ್ತಿಯ ಚೀಲವನ್ನು ಅವರ ತೊಡೆಯ ಮೇಲಿಟ್ಟಳು, ಮಾತ್ರೆ ಎಷ್ಟು ಹೊತ್ತಿಗೆ ಎಂದು ಎರಡು ಸಲ ಹೇಳಿ ಬಸ್ಸು ಹತ್ತಿದಳು. ಮಗಳು ಎಲ್ಲರಿಗಿಂತ ಮೊದಲೇ ಹತ್ತಿ ಮುಖ ತಿರುಗಿಸಿ ಕೂತಿದ್ದಳು. ಕಂಡಕ್ಟರು ಸೀಟಿ ಊದಿದ. ಬಸ್ಸು ಹತ್ತು ಗಜ ಹೋಗಿರಬಹುದು, ಮಗಳು "ನಿಲ್ಲಿಸಿ" ಎಂದು ಎದ್ದು ಇಳಿದಳು.

ಕಿಟಕಿಯಿಂದ ನೋಡಿದೆ. ಜಗುಲಿಗೆ ಹೋಗಿ ಅಪ್ಪನಿಂದ ಎರಡು ಮಾರು ದೂರ ಬಿಟ್ಟು ಕೂತಳು. ಅವರ ಕಡೆ ನೋಡಲಿಲ್ಲ. ಅವಳೂ ಗೋಡೆಯನ್ನೇ ನೋಡುತ್ತಿದ್ದಳು.